ಎಮ್ಯಾಕ್ಸ್ ಕಟ್ಟಿದ್ದಾಯಿತು, ಒತ್ತಕ್ಷರ ಎಲ್ಲಿ ಹೋಯಿತು?

ಪ್ರಶ್ನೆ: ವಾರಾಣಸಿಯಲ್ಲಿ ಸಂಶೋಧನೆ ಮಾಡುತ್ತಿರುವ ಕನ್ನಡಿಗ ನಾನು. ಹಳೆಯ ಕಾಗದಪತ್ರಗಳನ್ನು ನೋಡಿ ಟೈಪ್ ಮಾಡುವುದು ದಿನದ ಕೆಲಸ. ಟಿಪ್ಪಣಿ ಕನ್ನಡದಲ್ಲಿ, ಸಂಸ್ಕೃತ ಪಾಠ ದೇವನಾಗರಿಯಲ್ಲಿ, ಕೆಲವು ಜಮೀನಿನ ಕಾಗದ ಕೈಥಿ ಲಿಪಿಯಲ್ಲಿ. ಮೂರಕ್ಕೂ ಒಂದೇ ಎಡಿಟರ್ ಇರಲಿ ಎಂದು ಎಮ್ಯಾಕ್ಸ್ ಕಲಿತೆ. ಲ್ಯಾಬಿನ ಉಬುಂಟು 20.04ರಲ್ಲಿರುವ ಎಮ್ಯಾಕ್ಸ್ 26.3ರಲ್ಲಿ ಕೈಥಿಗೆ ಕೀಲಿ ವಿನ್ಯಾಸವೇ ಇಲ್ಲ. ಗೆಳೆಯರೊಬ್ಬರು ‘ಸೋರ್ಸ್ ಇಳಿಸಿಕೊಂಡು ಹೊಸದನ್ನು ನೀವೇ ಕಟ್ಟಿಕೊಳ್ಳಿ, ಜಿಟಿಕೆ ಬೇಡ, ಲೂಸಿಡ್ ಆಯ್ಕೆ ಹಗುರ’ ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಮಾಡಿದೆ. ಎಲ್ಲೂ ಎರರ್ ಬರಲಿಲ್ಲ, ಎಡಿಟರ್ ತೆರೆಯಿತು. ಆದರೆ ಕನ್ನಡ ಒಡೆದುಹೋಗಿದೆ, ಒತ್ತಕ್ಷರ ಕೆಳಗಿಳಿಯುವುದೇ ಇಲ್ಲ. ಅದೇ ಫಾಂಟು ಫೈರ್‌ಫಾಕ್ಸ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಎಲ್ಲಿ ತಪ್ಪಿದೆ? ಲ್ಯಾಬಿನ ಯಂತ್ರದಲ್ಲಿ ನನಗೆ ಅಡ್ಮಿನ್ ಪಾಸ್‌ವರ್ಡ್ ಇಲ್ಲ. ಅಲ್ಲೂ ಕಟ್ಟಿಕೊಳ್ಳಲು ಸಾಧ್ಯವೆ?
— ಓದುಗರು, ವಾರಾಣಸಿ

ಉತ್ತರ: ನಿಮ್ಮ ವಿವರಣೆ ನೋಡಿದರೆ, ನೀವು ಕಟ್ಟಿದ ಎಮ್ಯಾಕ್ಸ್‌ನೊಳಗೆ ಹಾರ್ಫ್‌ಬಝ್ ಎಂಬ ಲೈಬ್ರರಿ ಸೇರಿಲ್ಲ. ಫಾಂಟಿನಲ್ಲಿ ದೋಷವಿಲ್ಲ. ನಿಮ್ಮ ಕಡತಗಳಿಗೂ ಏನೂ ಆಗಿಲ್ಲ, ಟೈಪ್ ಮಾಡಿದ್ದನ್ನು ಮತ್ತೆ ಮಾಡಬೇಕಾಗಿಲ್ಲ. ಎಡಿಟರನ್ನು ಮಾತ್ರ ಇನ್ನೊಮ್ಮೆ ಕಟ್ಟಬೇಕು. ಲ್ಯಾಬಿನಲ್ಲೂ ಕಟ್ಟಬಹುದು, ಅದಕ್ಕೆ ಅಡ್ಮಿನ್ ಅವರಿಂದ ಒಂದು ಸಣ್ಣ ಸಹಾಯ ಬೇಕಾಗುತ್ತದೆ.

ಮೊದಲು ರೋಗ ಏನೆಂದು ನೋಡೋಣ. ಕಾಶಿಯಲ್ಲಿದ್ದೀರಿ, ‘ತೀರ್ಥಕ್ಷೇತ್ರ’ ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವಾಗ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ತೀ, ರ್ಥ, ಕ್ಷೇ, ತ್ರ. ಕಡತದಲ್ಲಿ ಕೂತಿರುವುದು ಯೂನಿಕೋಡಿನ 12 ಸಂಕೇತಗಳು. ತ, ಅದರ ದೀರ್ಘ, ರ, ವಿರಾಮ, ಥ; ಆಮೇಲೆ ಕ, ವಿರಾಮ, ಷ, ಏತ್ವ, ತ, ವಿರಾಮ, ರ. ಉಚ್ಚಾರದ ಕ್ರಮದಲ್ಲಿ, ಒಂದರ ಪಕ್ಕ ಒಂದು. ಈ 12 ಸಂಕೇತಗಳನ್ನು ಪರದೆಯ ಮೇಲೆ ನಾಲ್ಕು ಅಕ್ಷರವಾಗಿ ಹೆಣೆಯಲು ಯಾರಾದರೂ ಬೇಕು. ಮೊದಲು ಬಂದ ರ ಎಂಬುದನ್ನು ಥ ದಾಟಿಸಿ ಅರ್ಕಾವೊತ್ತಾಗಿ ಬಲಗಡೆ ಕೂರಿಸಬೇಕು. ಷ ಎಂಬುದನ್ನು ಕ ಕಾರದ ಕೆಳಗಿಳಿಸಬೇಕು. ಏತ್ವವನ್ನು ಷ ಬಿಟ್ಟು ಕ ಕಾರದ ತಲೆಗೆ ಸೇರಿಸಿ, ದೀರ್ಘವನ್ನು ಬದಿಗಿಡಬೇಕು. ಇದನ್ನೆಲ್ಲ ಹೇಗೆ ಮಾಡಬೇಕೆಂಬ ಕೋಷ್ಟಕಗಳು ಫಾಂಟಿನೊಳಗೇ ಇರುತ್ತವೆ. ಆದರೆ ಫಾಂಟು ತಾನಾಗಿ ಏನನ್ನೂ ಮಾಡಲಾರದು. ಆ ಕೋಷ್ಟಕಗಳನ್ನು ಓದಿ ಜೋಡಣೆ ಮಾಡುವ ಕೆಲಸ ಹಾರ್ಫ್‌ಬಝ್‌ನದು. ಫೈರ್‌ಫಾಕ್ಸ್ ಇದನ್ನೇ ಬಳಸುತ್ತದೆ, ಲಿಬ್ರೆ ಆಫೀಸ್ ಇದನ್ನೇ ಬಳಸುತ್ತದೆ, ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಮೂಡಿಸುವುದೂ ಇದೇ. ಎಮ್ಯಾಕ್ಸ್ ಇದನ್ನು ತನ್ನ ಮೊದಲ ಆಯ್ಕೆಯಾಗಿ ಸ್ವೀಕರಿಸಿದ್ದು 2020ರ ಆಗಸ್ಟ್‌ನಲ್ಲಿ ಬಂದ 27.1ರಲ್ಲಿ.

ಹಾಗಾದರೆ ಹೊಸ ಆವೃತ್ತಿಯನ್ನೇ ಕಟ್ಟಿದರೂ ನಿಮಗೆ ಏಕೆ ಸಿಗಲಿಲ್ಲ? ಸೋರ್ಸ್‌ನಿಂದ ಕಟ್ಟುವಾಗ ಬಹಳ ಜನ ಎಡವುವುದು ಇಲ್ಲಿಯೇ. ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟನ್ನು ಓಡಿಸಿದಿರಲ್ಲ, ಅದು ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ಹುಡುಕುತ್ತದೆ. ಕೆಲವು ಸಿಗದಿದ್ದರೆ ಅಲ್ಲೇ ನಿಂತು ಎರರ್ ಕೊಡುತ್ತದೆ. ಗ್ನೂಟಿಎಲ್‌ಎಸ್ ಅಂಥದ್ದು, ಜಿಫ್, ಟಿಫ್ ಮುಂತಾದ ಚಿತ್ರಗಳ ಲೈಬ್ರರಿಗಳೂ ಅಂಥವೇ. ಅವಿಲ್ಲದೆ ಮುಂದೆ ಹೋಗಬೇಕಾದರೆ ಬೇಡವೆಂದು ನೀವೇ ಬಾಯಿಬಿಟ್ಟು ಹೇಳಬೇಕು. ಹಾರ್ಫ್‌ಬಝ್ ವಿಷಯದಲ್ಲಿ ಹಾಗಲ್ಲ. ಸಿಕ್ಕರೆ ಸೇರಿಸುತ್ತದೆ, ಸಿಗದಿದ್ದರೆ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲೇ ಬರೆಯುವವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಕನ್ನಡ ಬರೆಯುವವರಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಈ ಕೊರತೆ ನಿಂತು ಎರರ್ ಕೊಡುವ ಪಟ್ಟಿಯಲ್ಲಿರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

‘ಹಾರ್ಫ್‌ಬಝ್ ನನ್ನ ಯಂತ್ರದಲ್ಲಿ ಇದ್ದೇ ಇದೆಯಲ್ಲ’ ಎಂದು ನೀವು ಕೇಳಬಹುದು. ಖಂಡಿತ ಇದೆ. ಆದರೆ ಡೆಬಿಯನ್, ಉಬುಂಟು ಮುಂತಾದವುಗಳಲ್ಲಿ ಒಂದೊಂದು ಲೈಬ್ರರಿಯೂ ಎರಡು ಪ್ಯಾಕೇಜಾಗಿ ಬರುತ್ತದೆ. ತಯಾರಾದ ತಂತ್ರಾಂಶ ಓಡಲು ಬೇಕಾದದ್ದು ಒಂದು, ಹೊಸದಾಗಿ ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳಿರುವುದು ಇನ್ನೊಂದು. ಎರಡನೆಯದರ ಹೆಸರು ‘ಡೆವ್’ ಎಂದು ಮುಗಿಯುತ್ತದೆ, ಫೆಡೋರಾದಲ್ಲಿ ‘ಡೆವೆಲ್’. ನಿಮ್ಮಲ್ಲಿ ಇರುವುದು ಮೊದಲನೆಯದು, ಕಾನ್ಫಿಗರ್ ಹುಡುಕಿದ್ದು ಎರಡನೆಯದನ್ನು. ಕಿಟಕಿ, ಮೆನು ಬಿಡಿಸುವ ಟೂಲ್‌ಕಿಟ್ ಆಗಿ ನೀವು ಜಿಟಿಕೆ ಆರಿಸಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲ. ಲಿಬ್‌ಜಿಟಿಕೆ-3-ಡೆವ್ ಹಾಕಿದರೆ ಪ್ಯಾಂಗೊ, ಕೈರೊ, ಹಾರ್ಫ್‌ಬಝ್ ಮೂರರ ಡೆವ್ ಪ್ಯಾಕೇಜುಗಳೂ ಅದರ ಹಿಂದೆಯೇ ಬರುತ್ತವೆ. ಲೂಸಿಡ್‌ಗೆ ಅವು ಬೇಡ, ಆದ್ದರಿಂದ ಬರಲಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ತಪ್ಪಲ್ಲ, ಲೂಸಿಡ್ ಹಗುರವೇ. ಆದರೆ ಆ ಹಾದಿಯಲ್ಲಿ ಹೋಗುವ ಕನ್ನಡಿಗರು ಲಿಬ್‌ಹಾರ್ಫ್‌ಬಝ್-ಡೆವ್, ಲಿಬ್‌ಕೈರೊ2-ಡೆವ್ ಎರಡನ್ನೂ ತಾವೇ ಹೆಸರು ಹೇಳಿ ಹಾಕಿಕೊಳ್ಳಬೇಕು.

ಇನ್ನು ಕೆಲಸಕ್ಕೆ ಇಳಿಯೋಣ. ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ದೊಡ್ಡದೆಂದು ಹೇಳಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಿ.

ಯಾವ ಸೋರ್ಸ್ ಬೇಕು ಎಂಬುದು ಮೊದಲ ನಿರ್ಧಾರ. ‘ಸೋರ್ಸ್ ಪ್ಯಾಕೇಜ್’ ಎಂದು ಕರೆಯುವ ಎರಡು ವಸ್ತುಗಳಿವೆ. ಒಂದು, ಗ್ನೂ ಯೋಜನೆ ತಾನೇ ಬಿಡುಗಡೆ ಮಾಡುವ ಟಾರ್ ಕಡತ. ಇನ್ನೊಂದು, ಉಬುಂಟುವಿನವರು ಅದಕ್ಕೆ ತಮ್ಮ ತೇಪೆಗಳನ್ನು ಹಾಕಿ ಇಟ್ಟಿರುವ ಪ್ಯಾಕೇಜು. ‘ಆಪ್ಟ್ ಸೋರ್ಸ್ ಎಮ್ಯಾಕ್ಸ್’ ಎಂದರೆ ಸಿಗುವುದು ಅದು. ನಿಮ್ಮ ಲ್ಯಾಬಿನಲ್ಲಿ ಎರಡನೆಯದನ್ನು ತಂದರೆ ಮತ್ತೆ ಅದೇ 26.3 ಕೈಗೆ ಬರುತ್ತದೆ. ನಿಮಗೆ ಬೇಕಾದ ಕೈಥಿ ಎಮ್ಯಾಕ್ಸ್‌ಗೆ ಬಂದದ್ದು 2023ರ ಜುಲೈನಲ್ಲಿ, 29.1ರ ಜೊತೆ. ಬ್ರಾಹ್ಮಿ, ಶಾರದಾ, ತಿರ್ಹುತಾ, ಮೋಡಿ ಲಿಪಿಗಳೂ ಆಗಲೇ ಬಂದವು. ಆದ್ದರಿಂದ ಗ್ನೂವಿನ ಕಡತವನ್ನೇ ಇಳಿಸಿಕೊಳ್ಳಿ: 2025ರ ಫೆಬ್ರವರಿಯ 30.1, ಅಥವಾ ಅದರ ನಂತರದ್ದು. ಸುಮಾರು 50 ಎಂಬಿ ಇರುತ್ತದೆ. ಗಿಟ್ ಭಂಡಾರದಿಂದ ತರುವ ಗೋಜು ಬೇಡ. ಅಲ್ಲಿಂದ ತಂದರೆ ಮೊದಲು ಆಟೊಜೆನ್ ಸ್ಕ್ರಿಪ್ಟ್ ಓಡಿಸಬೇಕು, ಸಾವಿರಾರು ಲಿಸ್ಪ್ ಕಡತಗಳು ಮೊದಲಿಂದ ಕಂಪೈಲ್ ಆಗಬೇಕು. ಬಿಡುಗಡೆಯ ಟಾರ್ ಕಡತದಲ್ಲಿ ಆ ಲಿಸ್ಪ್ ಭಾಗ ಆಗಲೇ ಕಂಪೈಲ್ ಆಗಿ ಬರುತ್ತದೆ.

ಟಾರ್ ಕಡತದ ಪಕ್ಕದಲ್ಲಿ ಅದೇ ಹೆಸರಿನ, ‘ಸಿಗ್’ ಎಂದು ಕೊನೆಯಾಗುವ ಸಣ್ಣ ಕಡತವೂ ಇದೆ. ಅದು ಬಿಡುಗಡೆ ಮಾಡಿದವರ ಡಿಜಿಟಲ್ ಸಹಿ. ಅದನ್ನೂ, ಗ್ನೂ ಕೀರಿಂಗ್ ಕಡತವನ್ನೂ ಇಳಿಸಿಕೊಂಡು ಜಿಪಿಜಿಯ ವೆರಿಫೈ ಆಜ್ಞೆಯಿಂದ ತಾಳೆ ನೋಡಿ. ‘ಗುಡ್ ಸಿಗ್ನೇಚರ್’ ಎಂದು ಬಂದರೆ ಸರಿ. ಅದರ ಕೆಳಗೆ ಈ ಕೀಲಿಯನ್ನು ನೀವು ನಂಬಿದ ಯಾರೂ ಪ್ರಮಾಣೀಕರಿಸಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಗಾಬರಿ ಬೇಡ, ಅದು ಎಲ್ಲರಿಗೂ ಬರುವಂಥದ್ದು. ‘ಬ್ಯಾಡ್ ಸಿಗ್ನೇಚರ್’ ಎಂದು ಬಂದರೆ ಮಾತ್ರ ಕಡತವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ಹಾಸ್ಟೆಲಿನ ವೈಫೈ ನಡುವೆ ಕಡಿದು ಅರ್ಧಂಬರ್ಧ ಇಳಿದ ಕಡತವೂ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಕಡತವನ್ನು ಬಿಚ್ಚುವ ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ‘ನನ್ನ ಕೆಲಸ’ ಎಂಬ ಫೋಲ್ಡರಿನಲ್ಲಿ ನಿಮ್ಮ ಬರಹ ಸುಖವಾಗಿರುತ್ತದೆ, ಕಾನ್ಫಿಗರ್ ಸುಖವಾಗಿರುವುದಿಲ್ಲ. ಡಿಸ್ಕಿನಲ್ಲಿ ಒಂದೆರಡು ಜಿಬಿ ಜಾಗವಿದೆಯೇ ಎಂದೂ ನೋಡಿಕೊಳ್ಳಿ. ಲ್ಯಾಬುಗಳಲ್ಲಿ ಒಬ್ಬೊಬ್ಬರಿಗೆ ಇಷ್ಟೇ ಜಾಗವೆಂದು ಮಿತಿ ಹಾಕಿರುವುದುಂಟು.

ಈಗ ಪ್ಯಾಕೇಜುಗಳು. ಲ್ಯಾಪ್‌ಟಾಪಿನಲ್ಲಿ ನೀವೇ ಯಜಮಾನರು. ಬಿಲ್ಡ್-ಎಸೆನ್ಷಿಯಲ್, ಲಿಬ್‌ಜಿಟಿಕೆ-3-ಡೆವ್, ಲಿಬ್‌ಗ್ನೂಟಿಎಲ್‌ಎಸ್28-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಚಿತ್ರಗಳಿಗಾಗಿ ಎಕ್ಸ್‌ಪಿಎಂ, ಜಿಫ್, ಜೆಪೆಗ್, ಟಿಫ್ ಡೆವ್‌ಗಳು. ಇಷ್ಟನ್ನು ಆಪ್ಟ್ ಮೂಲಕ ಹಾಕಿಕೊಂಡರೆ ಆಯಿತು. ಲ್ಯಾಬಿನಲ್ಲಿ ಇದೊಂದೇ ಹೆಜ್ಜೆಗೆ ಅಡ್ಮಿನ್ ಅವರ ನೆರವು ಬೇಕು. ಅವರಲ್ಲಿ ‘ಎಮ್ಯಾಕ್ಸ್ ಹಾಕಿಕೊಡಿ’ ಎಂದು ಕೇಳಬೇಡಿ. ಅವರು ಭಂಡಾರದಲ್ಲಿರುವ ಹಳೆಯದನ್ನೇ ತೋರಿಸುತ್ತಾರೆ. ಈ ಡೆವ್ ಪ್ಯಾಕೇಜುಗಳ ಪಟ್ಟಿಯನ್ನು ಕೊಟ್ಟು ಇಷ್ಟು ಮಾತ್ರ ಹಾಕಿಕೊಡಿ ಎನ್ನಿ. ಇವೆಲ್ಲ ಉಬುಂಟುವಿನ ಸ್ವಂತ ಭಂಡಾರದವು, ಬೇರೆಯವರ ಕೆಲಸಕ್ಕೆ ಅಡ್ಡಿಯಾಗುವಂಥವಲ್ಲ. ಹೆಚ್ಚಿನ ಅಡ್ಮಿನ್‌ಗಳು ಒಪ್ಪುತ್ತಾರೆ. ಜಿಫ್, ಟಿಫ್ ಮುಂತಾದವು ಸಿಗದಿದ್ದರೂ ಚಿಂತೆಯಿಲ್ಲ. ಅವುಗಳಿಗೆ ‘ಇಫ್ ಅವೈಲಬಲ್’ ಎಂಬ ಆಯ್ಕೆ ಕೊಡಬಹುದು, ಹೇಗೆ ಕೊಡಬೇಕೆಂದು ಎರರ್ ಸಂದೇಶವೇ ಬರೆದು ತೋರಿಸುತ್ತದೆ. ಲಿಬ್‌ಜಿಟಿಕೆ-3-ಡೆವ್ ಒಂದನ್ನು ಮಾತ್ರ ಬಿಟ್ಟುಕೊಡಬೇಡಿ.

ಪಾಸ್‌ವರ್ಡ್ ಇಲ್ಲದವರು ಮರೆಯಬಾರದ ಮಾತು ಪ್ರಿಫಿಕ್ಸ್. ಏನೂ ಹೇಳದಿದ್ದರೆ ಎಮ್ಯಾಕ್ಸ್ ಹೋಗಿ ಕೂರಲು ಬಯಸುವುದು ಯೂಸರ್-ಲೋಕಲ್‌ನಲ್ಲಿ. ಅಲ್ಲಿ ಬರೆಯುವ ಅಧಿಕಾರ ನಿಮಗಿಲ್ಲ, ಕೊನೆಯ ಹೆಜ್ಜೆಯಲ್ಲಿ ‘ಪರ್ಮಿಷನ್ ಡಿನೈಡ್’ ಎಂದು ನಿಲ್ಲುತ್ತದೆ. ಆದ್ದರಿಂದ ಕಾನ್ಫಿಗರ್ ಓಡಿಸುವಾಗಲೇ ಪ್ರಿಫಿಕ್ಸ್ ಎಂಬ ಆಯ್ಕೆಗೆ ನಿಮ್ಮ ಹೋಮ್ ಫೋಲ್ಡರಿನೊಳಗಿನ ಒಂದು ಹೊಸ ಜಾಗವನ್ನು ಕೊಡಿ. ಹೋಮ್‌ನ ಕೆಳಗೆ ಎಮ್ಯಾಕ್ಸ್-30 ಎಂದಿಡಿ. ಎಲ್ಲವೂ ಅದೊಂದೇ ಫೋಲ್ಡರಿನಲ್ಲಿರುವುದರಿಂದ ಮುಂದೆ ಬೇಡವಾದಾಗ ಅದನ್ನು ಅಳಿಸಿದರೆ ಮುಗಿಯಿತು. ಲ್ಯಾಪ್‌ಟಾಪಿನಲ್ಲೂ ಹೀಗೇ ಮಾಡಿ ಎಂಬುದು ನನ್ನ ಸಲಹೆ. ಆಪ್ಟ್ ಹಾಕಿದ ಎಮ್ಯಾಕ್ಸ್ ಮತ್ತು ನೀವು ಕಟ್ಟಿದ ಎಮ್ಯಾಕ್ಸ್ ಒಂದನ್ನೊಂದು ಮುಟ್ಟದೆ ಇರುತ್ತವೆ.

ಡಾಟ್, ಸ್ಲ್ಯಾಶ್, ಕಾನ್ಫಿಗರ್, ಒಂದು ಖಾಲಿ ಜಾಗ, ಎರಡು ಹೈಫನ್, ಪ್ರಿಫಿಕ್ಸ್, ಸಮ ಚಿಹ್ನೆ, ನಿಮ್ಮ ಫೋಲ್ಡರಿನ ಪೂರ್ತಿ ದಾರಿ. ಎಂಟರ್ ಒತ್ತಿದರೆ ಪರದೆಯ ಮೇಲೆ ಸಾಲುಗಳ ಮಳೆ ಸುರಿಯುತ್ತದೆ. ಅದನ್ನೆಲ್ಲ ಓದಬೇಕಿಲ್ಲ. ನಿಂತ ಮೇಲೆ ಕೊನೆಯ ನಲವತ್ತು ಐವತ್ತು ಸಾಲುಗಳ ವರದಿಯನ್ನು ಮಾತ್ರ ನಿಧಾನವಾಗಿ ಓದಿ. ಯಾವ ವಿಂಡೋ ವ್ಯವಸ್ಥೆ, ಯಾವ ಟೂಲ್‌ಕಿಟ್ ಎಂದು ಮೊದಲು ಹೇಳುತ್ತದೆ. ಆಮೇಲೆ ‘ಎಮ್ಯಾಕ್ಸ್ ಇದನ್ನು ಬಳಸುತ್ತದೆಯೇ’ ಎಂದು ಇಂಗ್ಲಿಷಿನಲ್ಲಿ ಕೇಳುವ ಸಾಲುಗಳ ಪಟ್ಟಿ, ಒಂದೊಂದರ ಎದುರೂ ಯೆಸ್ ಅಥವಾ ನೋ. ಆ ಪಟ್ಟಿಯಲ್ಲಿ ಕೈರೊ ಮತ್ತು ಹಾರ್ಫ್‌ಬಝ್ ಹುಡುಕಿ. ಎರಡರ ಮುಂದೆಯೂ ಯೆಸ್ ಇದ್ದರೆ ಮುಂದುವರಿಯಿರಿ. ಹಾರ್ಫ್‌ಬಝ್ ಮುಂದೆ ನೋ ಎಂದಿದ್ದರೆ ಮೇಕ್ ಒತ್ತಬೇಡಿ. ನಿಮ್ಮ ಮೊದಲ ಪ್ರಯತ್ನದಲ್ಲೂ ಆ ಸಾಲಿನ ಮುಂದೆ ನೋ ಎಂದೇ ಇದ್ದಿರಬೇಕು. ಏಕೆ ಸಿಗಲಿಲ್ಲ ಎಂಬ ವಿವರ ಅದೇ ಫೋಲ್ಡರಿನ ಕಾನ್ಫಿಗ್-ಲಾಗ್ ಕಡತದಲ್ಲಿರುತ್ತದೆ; ಹಾರ್ಫ್‌ಬಝ್ ಎಂದು ಹುಡುಕಿದರೆ ಆ ಜಾಗ ಸಿಗುತ್ತದೆ. ಡೆವ್ ಪ್ಯಾಕೇಜ್ ಹಾಕಿಕೊಂಡು ಮತ್ತೆ ಕಾನ್ಫಿಗರ್ ಓಡಿಸಿ. ಮೊದಲೇ ಒಮ್ಮೆ ಕಟ್ಟಿದ ಫೋಲ್ಡರಾದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿರುವಂತೆ, ಅದನ್ನು ಪೂರ್ತಿ ಅಳಿಸಿ ಟಾರ್ ಕಡತವನ್ನು ಹೊಸದಾಗಿ ಬಿಚ್ಚುವುದೇ ಒಳ್ಳೆಯದು.

ಮೇಕ್ ಬಗ್ಗೆ ಹೇಳಲು ಹೆಚ್ಚಿಲ್ಲ. ನಾಲ್ಕು ಕೋರ್ ಇದ್ದರೆ ‘ಮೇಕ್ ಹೈಫನ್ ಜೆ 4’ ಎನ್ನಿ. ಹೊಸ ಯಂತ್ರದಲ್ಲಿ ಕೆಲವು ನಿಮಿಷ, ಲ್ಯಾಬಿನ ಹಳೆಯದರಲ್ಲಿ ಇನ್ನಷ್ಟು ಹೊತ್ತು. ನಡುವೆ ಕರೆಂಟು ಹೋದರೆ, ಬಂದ ಮೇಲೆ ಮತ್ತೆ ಮೇಕ್ ಎನ್ನಿ. ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾಡುತ್ತದೆ.

ಇನ್‌ಸ್ಟಾಲ್ ಮಾಡುವ ಮೊದಲು ಪರೀಕ್ಷೆ ಮಾಡಿ. ಸೋರ್ಸ್ ಫೋಲ್ಡರಿನೊಳಗಿನ ಎಸ್‌ಆರ್‌ಸಿ ಎಂಬಲ್ಲಿ ಆಗಲೇ ಎಮ್ಯಾಕ್ಸ್ ತಯಾರಾಗಿರುತ್ತದೆ. ಅದನ್ನು ಹೈಫನ್ ಮತ್ತು ದೊಡ್ಡ ಕ್ಯೂ ಸೇರಿಸಿ ಓಡಿಸಿದರೆ ನಿಮ್ಮ ಹಳೆಯ ಸೆಟ್ಟಿಂಗುಗಳ ಗೊಂದಲವಿಲ್ಲದೆ ತೆರೆಯುತ್ತದೆ. ಕಂಟ್ರೋಲ್-ಎಚ್, ಆಮೇಲೆ ಎಚ್ ಒತ್ತಿ. ಜಗತ್ತಿನ ಭಾಷೆಗಳಲ್ಲಿ ನಮಸ್ಕಾರ ಹೇಳುವ ಒಂದು ಪುಟ ಬರುತ್ತದೆ, ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಸ ಕಾರದ ಕೆಳಗೆ ಕ ಒತ್ತು ಇಳಿದಿದ್ದರೆ ಅರ್ಧ ಗೆದ್ದಂತೆ. ಪೂರ್ತಿ ಖಾತ್ರಿಗೆ ಕನ್ನಡದ ಕೀಲಿ ವಿನ್ಯಾಸ ಆರಿಸಿಕೊಂಡು ‘ತೀರ್ಥಕ್ಷೇತ್ರ’ ಎಂದು ಬರೆಯಿರಿ. ಕಂಟ್ರೋಲ್-ಎಕ್ಸ್, ರಿಟರ್ನ್, ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ಕನ್ನಡ-ಐಟ್ರಾನ್ಸ್ ಅಥವಾ ಕನ್ನಡ-ಇನ್‌ಸ್ಕ್ರಿಪ್ಟ್ ಆರಿಸಬಹುದು. ಆಮೇಲೆ ಕರ್ಸರನ್ನು ರ್ಥ ಮೇಲಿಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಸಮ ಚಿಹ್ನೆ ಒತ್ತಿ. ತೆರೆಯುವ ವಿವರದಲ್ಲಿ ಫಾಂಟಿನ ಹೆಸರಿನ ಹಿಂದೆ ಒಂದು ಸಣ್ಣ ಗುರುತು ಇರುತ್ತದೆ. ಅದು ಎಫ್‌ಟಿಸಿಆರ್‌ಎಚ್‌ಬಿ ಎಂದಿದ್ದರೆ ಕೈರೊ ಜೊತೆ ಹಾರ್ಫ್‌ಬಝ್ ಕೆಲಸ ಮಾಡುತ್ತಿದೆ ಎಂದರ್ಥ. ಕೊನೆಯ ಎಚ್‌ಬಿ ಇಲ್ಲದಿದ್ದರೆ ಹಾರ್ಫ್‌ಬಝ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಈಗಿರುವ ಎಮ್ಯಾಕ್ಸ್‌ನಲ್ಲೇ ಇದನ್ನು ಮಾಡಿ ನೋಡಿ, ನನ್ನ ರೋಗನಿದಾನ ಸರಿಯೋ ಅಲ್ಲವೋ ಕ್ಷಣದಲ್ಲಿ ಗೊತ್ತಾಗುತ್ತದೆ.

ಪರೀಕ್ಷೆಯನ್ನು ಎಮ್ಯಾಕ್ಸ್‌ನ ಸ್ವಂತ ಕಿಟಕಿಯಲ್ಲೇ ಮಾಡಬೇಕು. ಟರ್ಮಿನಲ್ಲಿನೊಳಗೆ ತೆರೆದರೆ ಅಕ್ಷರ ಜೋಡಣೆಯ ಹೊಣೆ ಟರ್ಮಿನಲ್ಲಿಗೆ ಹೋಗುತ್ತದೆ, ಗ್ನೋಮ್ ಟರ್ಮಿನಲ್‌ಗೆ ಕನ್ನಡದ ಒತ್ತುಗಳು ಒಗ್ಗುವುದಿಲ್ಲ. ನ್ಯಾನೊ, ವಿಮ್ ಬಳಸುವವರಿಗೂ ಇದೇ ಮಾತು. ಅವುಗಳನ್ನು ಎಷ್ಟು ಶ್ರದ್ಧೆಯಿಂದ ಸೋರ್ಸ್‌ನಿಂದ ಕಟ್ಟಿದರೂ ಕನ್ನಡ ಹೇಗೆ ಕಾಣುತ್ತದೆ ಎಂಬುದು ಟರ್ಮಿನಲ್ ಕೈಯಲ್ಲಿದೆ.

ಎಲ್ಲ ಸರಿಯಿದ್ದರೆ ಮೇಕ್ ಇನ್‌ಸ್ಟಾಲ್. ಸುಡೊ ಬೇಡ, ಪಾಸ್‌ವರ್ಡ್ ಕೇಳುವುದಿಲ್ಲ. ಕೊನೆಗೆ ಆ ಫೋಲ್ಡರಿನ ಬಿನ್ ಎಂಬ ಜಾಗವನ್ನು ನಿಮ್ಮ ಪ್ರೊಫೈಲ್ ಕಡತದಲ್ಲಿ ಪಾತ್‌ನ ಮುಂಭಾಗಕ್ಕೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಹಿಂಭಾಗಕ್ಕೆ ಸೇರಿಸಿದರೆ ಎಮ್ಯಾಕ್ಸ್ ಎಂದಾಗ ಹಳೆಯ 26.3 ಆವೃತ್ತಿಯೇ ಓಡಿಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದನ್ನೇ ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ಯುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಹೊಸ ಉಬುಂಟುವಿನಲ್ಲಿ ಕಟ್ಟಿದ್ದು ಹಳೆಯದರಲ್ಲಿ ಜಿಲಿಬ್‌ಸಿ ಆವೃತ್ತಿ ಸಾಲದು ಎಂದು ಹಟ ಹಿಡಿಯುತ್ತದೆ. ಅಡ್ಮಿನ್ ಅವರು ಡೆವ್ ಪ್ಯಾಕೇಜುಗಳಿಗೆ ಒಪ್ಪದಿದ್ದರೆ, ಲ್ಯಾಬಿನಲ್ಲಿ ಫ್ಲಾಟ್‌ಪ್ಯಾಕ್ ಇದೆಯೇ ನೋಡಿ. ಅದರ ‘ಯೂಸರ್’ ಆಯ್ಕೆಯಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಹೊಸ ಎಮ್ಯಾಕ್ಸ್ ಹಾಕಿಕೊಳ್ಳಬಹುದು.

ಕೈಥಿಯ ಬಗ್ಗೆ ಇನ್ನೆರಡು ಮಾತು. ನೀವಿರುವ ಊರಿನಲ್ಲೇ 1893ರಲ್ಲಿ ಹುಟ್ಟಿದ ನಾಗರೀ ಪ್ರಚಾರಿಣೀ ಸಭೆಯ ಹೋರಾಟದ ಫಲವಾಗಿ 1900ರಲ್ಲಿ ಆ ಪ್ರಾಂತ್ಯದ ಕೋರ್ಟು ಕಚೇರಿಗಳಿಗೆ ದೇವನಾಗರಿ ಪ್ರವೇಶ ಪಡೆಯಿತು. ಲೆಕ್ಕಪತ್ರ, ಜಮೀನು ಕಾಗದಗಳಲ್ಲಿ ಜನ ಸಲೀಸಾಗಿ ಬರೆಯುತ್ತಿದ್ದ ಕೈಥಿ ಹಿಂದೆ ಬಿತ್ತು. ಯೂನಿಕೋಡಿಗೆ ಅದು ಸೇರಿದ್ದು 2009ರಲ್ಲಿ. ಇವತ್ತು ಅದನ್ನು ಟೈಪ್ ಮಾಡಿ ದಾಖಲಿಸುವವರು ಬಹಳ ಕಡಿಮೆ, ನೀವು ಆ ಕೆಲಸಕ್ಕೆ ಕೈ ಹಾಕಿದ್ದೀರಿ ಎಂಬುದೇ ನನಗೆ ಸಂತೋಷದ ವಿಷಯ. ಎಮ್ಯಾಕ್ಸ್ 30ರಲ್ಲಿ ಕೀಲಿ ವಿನ್ಯಾಸದ ಹೆಸರು ಕೈಥಿ ಎಂದೇ ಇದೆ. ಫಾಂಟು ಮಾತ್ರ ನೀವೇ ತರಬೇಕು. ನೋಟೊ ಸಾನ್ಸ್ ಕೈಥಿಯನ್ನು ಇಳಿಸಿ, ಹೋಮ್‌ನೊಳಗಿನ ಡಾಟ್-ಲೋಕಲ್, ಶೇರ್, ಫಾಂಟ್ಸ್ ಎಂಬ ಫೋಲ್ಡರಿನಲ್ಲಿಟ್ಟು ಎಫ್‌ಸಿ-ಕ್ಯಾಶ್ ಓಡಿಸಿ. ಇದಕ್ಕೂ ಪಾಸ್‌ವರ್ಡ್ ಬೇಕಿಲ್ಲ. ಗುಬ್ಬಿ, ನವಿಲು ಮುಂತಾದ ಕನ್ನಡದ ಮುಕ್ತ ಫಾಂಟುಗಳನ್ನೂ ಅಲ್ಲಿಯೇ ಇಟ್ಟುಕೊಳ್ಳಬಹುದು.

ನೀವೇ ಕಟ್ಟಿದ್ದನ್ನು ಆಪ್ಟ್ ನೋಡಿಕೊಳ್ಳುವುದಿಲ್ಲ, ಭದ್ರತಾ ತೇಪೆಗಳು ತಾವಾಗಿ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ 29.3, ಜೂನ್‌ನಲ್ಲಿ 29.4 ಬಂದದ್ದು ಭದ್ರತಾ ದೋಷಗಳನ್ನು ತುರ್ತಾಗಿ ಸರಿಪಡಿಸಲೆಂದೇ. 30.1ರಲ್ಲೂ ಅಂಥ ತಿದ್ದುಪಡಿಗಳಿವೆ. ಆಗಾಗ ಗ್ನೂ ಎಮ್ಯಾಕ್ಸ್‌ನ ಜಾಲತಾಣ ನೋಡಿ. ಹೊಸದು ಬಂದಾಗ ಬೇರೆ ಪ್ರಿಫಿಕ್ಸ್ ಕೊಟ್ಟು ಪಕ್ಕದಲ್ಲಿ ಕಟ್ಟಿ, ‘ತೀರ್ಥಕ್ಷೇತ್ರ’ ಸರಿಯಾಗಿ ಮೂಡಿತೆಂದು ನೋಡಿಕೊಂಡು, ಆಮೇಲೆ ಹಳೆಯ ಫೋಲ್ಡರನ್ನು ಅಳಿಸಿ. ಇಷ್ಟಾದರೂ ಅಕ್ಷರ ಒಡೆದೇ ಕಂಡರೆ ಕಾನ್ಫಿಗರ್ ವರದಿಯ ಆ ಕೊನೆಯ ಐವತ್ತು ಸಾಲುಗಳನ್ನು ನಮಗೆ ಕಳಿಸಿಕೊಡಿ.